ತುತ್ತು, ಗುಂಡಿ, ಬಚ್ಚಲು
(ವಿಶೇಷ ಶಾಲೆಯಲ್ಲಿ ಆಕ್ಯುಪೇಷನಲ್ ಥೆರಪಿ ಕುರಿತು ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಕಾವ್ಯಮೀಮಾಂಸೆ ಕೇಳಿ ಅಭ್ಯಾಸವಾದ ಸಭೆ ಇದು. ಇವತ್ತು ನಾನು ಮಾತಾಡುವುದು ಅನ್ನ ಕಲಸುವುದು, ಅಂಗಿಯ ಗುಂಡಿ ಹಾಕುವುದು, ಚಡ್ಡಿ ಬಿಚ್ಚುವುದು, ತೊಳೆದುಕೊಳ್ಳುವುದು ಇಂಥವುಗಳ ಬಗ್ಗೆ. ಈಗಲೇ ಮುಜುಗರವಾದವರು ಗಟ್ಟಿಯಾಗಿ ಕೂತುಕೊಳ್ಳಬೇಕು, ಮುಂದೆ ಇನ್ನೂ ಇದೆ. ವಿಶೇಷ ಶಾಲೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿರುವವಳ ದಿನ ಕಳೆಯುವುದೇ ಇವುಗಳ ನಡುವೆ.

ನಮ್ಮನ್ನು ಬಹಳ ಜನ ಫಿಜಿಯೋ ಅಂದುಕೊಳ್ಳುತ್ತಾರೆ. ಬೇಸರವೇನಿಲ್ಲ, ಇಬ್ಬರೂ ಒಂದೇ ಕೋಣೆಯ ಒಂದೇ ಚಾಪೆ ಹಂಚಿಕೊಂಡು ಕೆಲಸ ಮಾಡುವವರು. ಬಿಗಿದುಕೊಂಡ ಮೊಣಕಾಲು ಎಷ್ಟು ಮಡಚುತ್ತದೆ ಎಂದು ಅವರು ನೋಡುತ್ತಾರೆ. ಅಷ್ಟು ಮಡಚಿದ ಕಾಲಿನಲ್ಲಿ ಹುಡುಗ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೋ, ಒಬ್ಬನೇ ಕಕ್ಕಸಿಗೆ ಹೋಗಿ ಬರುತ್ತಾನೋ ಎಂಬುದು ನನ್ನ ಪಾಲಿನ ಪ್ರಶ್ನೆ.

ಈ ವೃತ್ತಿಗೆ ವಯಸ್ಸು ಬಹಳವಿಲ್ಲ. 1917ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ಒಂದು ಮನೆಯಲ್ಲಿ ಕೆಲವರು ಸೇರಿ ಇದಕ್ಕೊಂದು ಸಂಘ ಕಟ್ಟಿದರು. ಆ ಮನೆಯ ಯಜಮಾನ ಜಾರ್ಜ್ ಬಾರ್ಟನ್ ವೈದ್ಯನಲ್ಲ, ವಾಸ್ತುಶಿಲ್ಪಿ. ಕ್ಷಯ, ಪಾದದ ಶಸ್ತ್ರಚಿಕಿತ್ಸೆ, ಮೈಯ ಎಡಭಾಗದ ಪಾರ್ಶ್ವವಾಯು ಎಲ್ಲವನ್ನೂ ಕಂಡು, ತೋಟದ ಕೆಲಸ ಮರಗೆಲಸ ಮಾಡುತ್ತ ಚೇತರಿಸಿಕೊಂಡವನು. ಅದೇ ಹೊತ್ತಿಗೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಹಿಂತಿರುಗತೊಡಗಿದರು, ಈ ಕೆಲಸಕ್ಕೆ ಜನ ಬೇಕಾದರು. ನಮ್ಮ ದೇಶಕ್ಕೆ ಇದನ್ನು ತಂದವರು ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಗೇ ಬಂದು ನೆಲೆಸಿದ ಕಮಲಾ ನಿಂಬ್ಕರ್. 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಅವರು ಮೊದಲ ತರಬೇತಿ ಶಾಲೆ ತೆರೆದರು. 1952ರಲ್ಲಿ ವಿಶ್ವ ಒಕ್ಕೂಟ ಹುಟ್ಟಿದಾಗ ಸ್ಥಾಪಕ ಸದಸ್ಯತ್ವ ಪಡೆದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಹಳೆಯ ನಂಟಿದ್ದರೂ ಕರ್ನಾಟಕದ ಹಳ್ಳಿಯ ತಾಯಿಗೆ 'ಸ್ಪೀಚ್' ಥೆರಪಿ ಗೊತ್ತು, 'ಓಟಿ' ಎಂಬ ಆಕ್ಯುಪೇಷನಲ್ ಥೆರಪಿ ಗೊತ್ತಿಲ್ಲ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇರುವುದು ಅದಕ್ಕೊಂದು ಕಾರಣ. ಓಟಿ ಓದಿದವರು ಮಣಿಪಾಲದಂಥ ಕೆಲವೇ ಕಡೆಗಳಿಂದ ಹೊರಬರುತ್ತಾರೆ. ಬಂದವರಲ್ಲಿ ಹಲವರು ವಿಮಾನ ಹತ್ತುತ್ತಾರೆ, ಅವರನ್ನು ದೂರಲಾರೆ.

ಹೀಗೆ ಹೊರಗಿನಿಂದ ಬಂದ ವಿದ್ಯೆಯಾದ್ದರಿಂದ ನಮ್ಮ ತಪಾಸಣೆಯ ಹಾಳೆಗಳೂ ಹೊರಗಿನವೇ. ಮಗು ಫೋರ್ಕ್ ಹಿಡಿಯುತ್ತದೆಯೇ, ಬೂಟಿನ ದಾರ ಕಟ್ಟುತ್ತದೆಯೇ, ಬಾತ್‌ಟಬ್ಬಿನೊಳಗೆ ಇಳಿಯುತ್ತದೆಯೇ ಎಂದು ಅವು ಕೇಳುತ್ತವೆ. ಹಾಸನ, ತುಮಕೂರು ಕಡೆಯ ಮಗು ಚಪ್ಪಲಿ ಮೆಟ್ಟುತ್ತದೆ. ಚೆಂಬಿನಿಂದ ನೀರು ಮೊಗೆದು ಹುಯ್ದುಕೊಳ್ಳುತ್ತದೆ. ನೆಲದ ಮೇಲೆ ಕೂತು, ಬಲಗೈಯ ಐದೂ ಬೆರಳಿನಿಂದ ಅನ್ನಕ್ಕೆ ಸಾರು ಕಲಸಿ, ಬೆರಳ ತುದಿಯಲ್ಲಿ ತುತ್ತು ಮಾಡಿ, ಹೆಬ್ಬೆರಳಿನಿಂದ ಬಾಯಿಗೆ ನೂಕುತ್ತದೆ. ಈ ಕೊನೆಯ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಮಾಡಿ ನೋಡಿ. ಮಣಿಕಟ್ಟು ಮೇಲೆ ಬರಬೇಕು, ಅಂಗೈ ತನ್ನತ್ತ ತಿರುಗಬೇಕು, ನಾಲ್ಕು ಬೆರಳು ದೊನ್ನೆಯಂತೆ ಕೂಡಿಕೊಳ್ಳಬೇಕು, ಹೆಬ್ಬೆರಳು ಮಾತ್ರ ಬೇರೆಯಾಗಿ ದುಡಿಯಬೇಕು. ಚಮಚದಲ್ಲಿ ತಿನ್ನುವುದಕ್ಕಿಂತ ಇದು ಕಷ್ಟದ ಕೆಲಸ. ಸಾರು ತೆಳ್ಳಗಾದಷ್ಟೂ ಕಷ್ಟ ಹೆಚ್ಚು. ಮೊಸರನ್ನದಿಂದ ಶುರುಮಾಡಿ, ಬಿಸಿಬೇಳೆಬಾತಿಗೆ ಬಂದು, ಆಮೇಲೆ ಹುಳಿ, ಕೊನೆಗೆ ತಿಳಿಸಾರು ಎಂದು ನಾವು ಹತ್ತಿಸುತ್ತ ಹೋಗುತ್ತೇವೆ. ರಸಂ ಅನ್ನವನ್ನು ಸೋರದಂತೆ ಉಂಡ ಮಗು ನಮ್ಮಲ್ಲಿ ಪದವೀಧರ.

ಇಲ್ಲೊಂದು ತೊಡಕು ಹೇಳಬೇಕು. ಹುಟ್ಟುವಾಗಲೋ ಹುಟ್ಟಿದ ಹೊಸತರಲ್ಲೋ ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಮೈಯ ಬಲಭಾಗ ಬಿಗಿಯುತ್ತದೆ. ಮೊಣಕೈ ಮಡಚಿ, ಮಣಿಕಟ್ಟು ಜೋತು, ಹೆಬ್ಬೆರಳು ಅಂಗೈಯೊಳಗೆ ಅಡಗಿಕೊಳ್ಳುತ್ತದೆ. ಅಂಥ ಮಗುವಿಗೆ ಇರುವ ಒಳ್ಳೆಯ ಕೈ ಎಡಗೈ. ಪುಸ್ತಕದ ಪ್ರಕಾರ ಮುಂದಿನದು ಸಲೀಸು, ಎಡಗೈಯಲ್ಲಿ ಉಣ್ಣಲು ಕಲಿಸಿ. ನಮ್ಮ ಮನೆಗಳಲ್ಲಿ ಅದಕ್ಕೆ ಅಜ್ಜಿ ಒಪ್ಪಬೇಕು. ಒಬ್ಬರು ನನಗೆ ಹೇಳಿದ್ದು: "ಎಡಗೈಲಿ ಉಣ್ಣೋದು ಕಲಿಸ್ಬ್ಯಾಡಿ ಕಣವ್ವಾ. ನಾಳೆ ನಾಲ್ಕು ಜನದ ಮುಂದೆ ಪಂಕ್ತೀಲಿ ಕೂತ್ರೆ ಎದ್ದೇಳು ಅಂತಾರೆ." ಆ ಮಾತಿನಲ್ಲಿ ಮೌಢ್ಯವನ್ನಷ್ಟೇ ಕೇಳುವ ಓಟಿ ಸೋಲುತ್ತಾಳೆ. ಮೊಮ್ಮಗ ತನ್ನ ಕಾಲಾನಂತರ ಮದುವೆಮನೆಗಳಲ್ಲಿ ಹೇಗೆ ಕೂರುತ್ತಾನೆ ಎಂದು ಅಜ್ಜಿ ಲೆಕ್ಕ ಹಾಕುತ್ತಿದ್ದಾರೆ. ನಾನು ಹಾಕಬೇಕಾದ ಲೆಕ್ಕವೂ ಅದೇ.

ಆ ಮನೆಯಲ್ಲಿ ನಾವು ಮಾಡಿಕೊಂಡ ಒಪ್ಪಂದ ಹೀಗಿತ್ತು. ಎಡಗೈಗೆ ಚಮಚ. ಚಮಚವಾದರೆ ಅನ್ನಕ್ಕೆ ಕೈ ತಾಗುವುದಿಲ್ಲವಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟರು. ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆವು. ಬಲಗೈಗೂ ಕೆಲಸ ಇರಬೇಕು, ಇಲ್ಲದಿದ್ದರೆ ಮೆದುಳು ಅದನ್ನು ಪಟ್ಟಿಯಿಂದಲೇ ತೆಗೆದುಹಾಕುತ್ತದೆ. ಹಾಗಾಗಿ ತಟ್ಟೆಯ ಅಂಚು ಒತ್ತಿ ಹಿಡಿಯುವುದು ಬಲಗೈ, ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ತೊಳೆದುಕೊಳ್ಳುವುದೂ ಎಡಗೈಯೇ ಆದ್ದರಿಂದ ಸೋಪು ಹಚ್ಚಿ ಕೈ ತೊಳೆಯುವುದನ್ನು ಅಜ್ಜಿಯ ಕಣ್ಣೆದುರೇ ಮಾಡಿಸಿದೆವು, ಅವರಿಗೆ ನಂಬಿಕೆ ಬರುವವರೆಗೆ. ಇನ್ನೊಂದು ಪಾಠವನ್ನು ಸೇರಿಸಿದ್ದು ಅಜ್ಜಿ: ಎಡಗೈಯಿಂದ ಬಲಗೈಯನ್ನು ಕೆಳಗಿನಿಂದ ಎತ್ತಿ ಹಿಡಿದು ತೀರ್ಥ ತೆಗೆದುಕೊಳ್ಳುವುದು. ಹಾಗೆ ಮಾಡುವಾಗ ಬಿಗಿದ ಬಲಗೈಯ ಅಂಗೈ ಮೇಲ್ಮುಖವಾಗಿ ತಿರುಗಬೇಕು. ನಾನು ಎಷ್ಟೋ ದಿನದಿಂದ ಗೋಗರೆಯುತ್ತಿದ್ದ ಚಲನೆ ಅದು! ಹುಡುಗನಿಗೆ ನನ್ನ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಇಲ್ಲದ ಆಸೆ ದೇವಸ್ಥಾನದ ತೀರ್ಥದ ಮೇಲಿತ್ತು.

ಒಳ್ಳೆಯ ಕೈಯನ್ನು ಕಟ್ಟಿಹಾಕಿ ಬಲವಿಲ್ಲದ ಕೈಯನ್ನು ದುಡಿಸುವ ಚಿಕಿತ್ಸೆಯೊಂದಿದೆ. ಇಂಥ ಮಕ್ಕಳಲ್ಲಿ ಅದರಿಂದ ಫಲವಿದೆ ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಆದರೆ ಅದು ಕೆಲವು ವಾರಗಳ ಮಟ್ಟಿಗೆ, ದಿನದಲ್ಲಿ ಗೊತ್ತುಮಾಡಿದ ಹೊತ್ತು, ಆಟದ ರೂಪದಲ್ಲಿ ನಡೆಯುವಂಥದ್ದು. ಮೊಬೈಲಿನಲ್ಲಿ ನೋಡಿ ಮಗುವಿನ ಎಡಗೈಯನ್ನು ಊಟದ ಹೊತ್ತಿಗೇ ಶಲ್ಯದಿಂದ ಕಟ್ಟುವ ಮನೆಗಳನ್ನು ಕಂಡಿದ್ದೇನೆ. ಹಸಿದ ಮಗುವಿನ ಕೈ ಕಟ್ಟಬೇಡಿ ಎಂದಷ್ಟೇ ಹೇಳುತ್ತೇನೆ.

ಗುಂಡಿಯ ವಿಷಯಕ್ಕೆ ಬರೋಣ. ಗುಂಡಿ ಹಾಕುವುದನ್ನು ನಾವು ಕೊನೆಯಿಂದ ಕಲಿಸುತ್ತೇವೆ. ಗುಂಡಿಯನ್ನು ಕಾಜಾದೊಳಗೆ ಮುಕ್ಕಾಲು ಪಾಲು ತೂರಿಸಿ, ಕೊನೆಗೆ ಎಳೆಯುವುದೊಂದನ್ನು ಮಗುವಿಗೆ ಬಿಡುತ್ತೇವೆ. ಅದು ಬಂದ ಮೇಲೆ ಅರ್ಧ ತೂರಿಸಿ ಬಿಡುತ್ತೇವೆ. ಹೀಗೆ ಹಿಂದೆ ಹಿಂದೆ ಹೋಗುತ್ತೇವೆ. ಮೊದಲಿಂದ ಕಲಿಸಿದರೆ ಮಗು ನಡುವೆ ಸೋತು ಕೈಬಿಡುತ್ತದೆ, ಮುಗಿಸುವವಳು ಅಮ್ಮ ಆಗುತ್ತಾಳೆ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಮುಗಿಸಿದ್ದು ಮಗುವೇ. ಅಂಗಿ ಹಾಕುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಪಾರ್ಶ್ವವಾಯು ಬಡಿದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಇದೇ ನಿಯಮ, ಇವತ್ತು ರಾತ್ರಿಯೇ ಮಾಡಿ ನೋಡಬಹುದು.

ಇನ್ನು ಕೂರುವುದು. ತರಗತಿಯಲ್ಲಿ ಮಗು ಪಾಠ ಕೇಳುತ್ತಿಲ್ಲ, ಬರೆಯುತ್ತಿಲ್ಲ ಎಂದು ಟೀಚರ್ ಕರೆದಾಗ ನಾನು ಮೊದಲು ನೋಡುವುದು ಪಾದ ಎಲ್ಲಿದೆ ಎಂದು. ಪಾದ ಗಾಳಿಯಲ್ಲಿ ಜೋತಾಡುತ್ತಿದ್ದರೆ ಸೊಂಟ ಜಾರುತ್ತದೆ, ಸೊಂಟ ಜಾರಿದರೆ ಬೆನ್ನು ಬಾಗುತ್ತದೆ, ಬಿದ್ದುಬಿಡದಂತೆ ಎರಡೂ ಕೈ ಡೆಸ್ಕ್ ಹಿಡಿದುಕೊಳ್ಳುತ್ತವೆ. ಬರೆಯಲು ಕೈ ಎಲ್ಲಿ ಉಳಿಯಿತು? ಪಾದದಡಿ ಹಲಗೆ, ಸೊಂಟಕ್ಕೆ ಪಟ್ಟಿ, ಮೊಣಕೈ ಮಟ್ಟಕ್ಕೆ ಮೇಜು. ಊರಿನ ಬಡಗಿ ಪ್ಲೈವುಡ್‌ನಲ್ಲಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ. ಶಿಬಿರಗಳಲ್ಲಿ ಒಂದೇ ಅಳತೆಯ ಗಾಲಿಕುರ್ಚಿ ಹಂಚುತ್ತಾರೆ, ಆರು ವರ್ಷದ ಮಗು ಅದರೊಳಗೆ ಒಂದು ಮೂಲೆಗೆ ಒರಗಿಕೊಂಡು ಫೋಟೋಗೆ ಮುಖ ಕೊಡುತ್ತದೆ. ಅಂಥ ಕುರ್ಚಿಗಳು ಆಮೇಲೆ ಜೋಳದ ಮೂಟೆ ಸಾಗಿಸುವುದನ್ನು ನೋಡಿದ್ದೇನೆ. ಕುರ್ಚಿಗೆ ಅದು ತಕ್ಕ ಕೆಲಸವೇ.

ಶಿಕ್ಷಕರು ಇದ್ದೀರಿ, ನಿಮಗಾಗಿ ಒಂದು ವಿಷಯ. ಎಳೆಗೂಸನ್ನು ಮಲಗಿಸಿ ಮುಖವನ್ನು ಬಲಕ್ಕೆ ತಿರುಗಿಸಿದರೆ ಬಲಗೈ ಚಾಚಿಕೊಳ್ಳುತ್ತದೆ, ಎಡಗೈ ಮಡಚಿಕೊಳ್ಳುತ್ತದೆ. ಕತ್ತಿವರಸೆಗೆ ನಿಂತವನ ಭಂಗಿ. ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಇದು ಮರೆಯಾಗುತ್ತದೆ. ಮೆದುಳಿಗೆ ಪೆಟ್ಟಾದ, ಸೆರೆಬ್ರಲ್ ಪಾಲ್ಸಿಯ ಕೆಲವು ಮಕ್ಕಳಲ್ಲಿ ಮರೆಯಾಗುವುದಿಲ್ಲ. ಎಂಟು ವರ್ಷದ ಹುಡುಗ ತನ್ನ ಬಲಗೈಯಲ್ಲಿರುವ ತುತ್ತನ್ನು ನೋಡುತ್ತಾನೆ. ಮುಖ ಬಲಕ್ಕೆ ತಿರುಗಿದ್ದೇ ತಡ, ಆ ಕೈ ಅವನ ಅಪ್ಪಣೆ ಕೇಳದೆ ದೂರ ಚಾಚಿಕೊಳ್ಳುತ್ತದೆ. ತುತ್ತು ನೆಲದ ಪಾಲು. "ಅನ್ನ ಎಸೀತಾನೆ ಮೇಡಂ, ಭಾರಿ ಹಟಮಾರಿ" ಎಂದು ದೂರು ಬರುತ್ತದೆ. ಕಪ್ಪುಹಲಗೆ ಅವನ ಒಂದು ಪಕ್ಕಕ್ಕಿದ್ದರೂ ಇದೇ ಕತೆ, ಅಕ್ಷರ ನೋಡಲು ತಿರುಗಿದ ಮರುಕ್ಷಣ ಪೆನ್ಸಿಲ್ ಹಿಡಿದ ಕೈ ಅವನದಾಗಿರುವುದಿಲ್ಲ. ಅವನ ಜಾಗವನ್ನು ಹಲಗೆಯ ನೇರಕ್ಕೆ ತನ್ನಿ. ಮಾತಾಡಿಸುವಾಗ ಪಕ್ಕದಲ್ಲಿ ನಿಲ್ಲಬೇಡಿ, ಎದುರಿಗೆ ಕೂರಿ. ಹಟ ಅರ್ಧ ಇಳಿಯುತ್ತದೆ. ಉಳಿದರ್ಧ ಎಂಟು ವರ್ಷದ ಹುಡುಗರಿಗೆಲ್ಲ ಇರುವ ಹಟ, ಅದಕ್ಕೆ ನನ್ನಲ್ಲಿ ಔಷಧಿಯಿಲ್ಲ.

ಉಣ್ಣಿಸುವುದರಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ನಮ್ಮ ತಾಯಂದಿರು ದೊಡ್ಡ ಮಗುವನ್ನೂ ತೊಡೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗಂಜಿ ಹುಯ್ಯುತ್ತಾರೆ. ಬೇಗ ಇಳಿಯುತ್ತದೆ ಎನ್ನುವುದು ನಿಜ. ಎಲ್ಲಿಗೆ ಇಳಿಯುತ್ತದೆ ಎನ್ನುವುದು ಬೇರೆ. ಕತ್ತು ಹಿಂದಕ್ಕೆ ಬಾಗಿದಾಗ ಗಾಳಿಯ ದಾರಿ ತೆರೆದುಕೊಳ್ಳುತ್ತದೆ, ನುಂಗುವ ಹಿಡಿತ ಇಲ್ಲದ ಮಗುವಿನಲ್ಲಿ ಗಂಜಿ ಶ್ವಾಸಕೋಶದ ಕಡೆಗೆ ಹೋಗಬಹುದು. ಊಟದ ನಡುವೆ ಕೆಮ್ಮು, ಊಟವಾದ ಮೇಲೆ ಗೊರಗೊರ ದನಿ, ವರ್ಷದಲ್ಲಿ ಮತ್ತೆ ಮತ್ತೆ ಕಫ ಜ್ವರ ಕಂಡರೆ ಅನುಮಾನಿಸಬೇಕು. ಕೆಲವು ಮಕ್ಕಳಿಗೆ ಕೆಮ್ಮೂ ಬರುವುದಿಲ್ಲ, ಅವರ ವಿಷಯ ಇನ್ನೂ ಎಚ್ಚರದ್ದು. ಮಗುವನ್ನು ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗೆ ಬರುವಂತೆ ಮಾಡಿ, ಎದುರಿನಿಂದ, ಕಣ್ಣಿನ ಮಟ್ಟಕ್ಕಿಂತ ಕೆಳಗಿಂದ ತುತ್ತು ಕೊಡಿ. ಒಂದು ನುಂಗಿದ ಮೇಲೆ ಇನ್ನೊಂದು. ನೀರಿನಂಥ ತೆಳು ಪದಾರ್ಥ ಇಂಥ ಮಕ್ಕಳಿಗೆ ಕಷ್ಟ, ಗಟ್ಟಿ ರಾಗಿ ಸರಿ ಸುಲಭ. ಮುದ್ದೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೈಗೆ ಮುದ್ದೆಯಷ್ಟು ಒಳ್ಳೆಯ ಊಟ ಇನ್ನೊಂದಿಲ್ಲ, ಮುರಿಯಲು ಉಂಡೆ ಕಟ್ಟಲು ಅನ್ನಕ್ಕಿಂತ ಸಲೀಸು. ಆದರೆ ಅದು ಅಗಿಯದೆ ನುಂಗುವ ಊಟ. ಗಂಟಲಿನ ಕೆಲಸ ನಿಧಾನವಿರುವ ಮಗುವಿಗೆ ತಪಾಸಣೆಯಾಗದೆ ಕೊಡಬೇಡಿ.

ಇದನ್ನೆಲ್ಲ ಶಾಲೆಯಲ್ಲಿ ನಿಜವಾಗಿ ಮಾಡುವವರು ಯಾರು? ಥೆರಪಿ ಕೋಣೆಯಲ್ಲಿ ಒಂದು ಮಗು ನನಗೆ ಸಿಗುವುದು ವಾರದಲ್ಲಿ ಬೆರಳೆಣಿಕೆಯ ಹೊತ್ತು. ಪ್ರತಿದಿನ ಉಣ್ಣಿಸುವವರು, ಕಕ್ಕಸಿಗೆ ಕರೆದೊಯ್ಯುವವರು, ವ್ಯಾನಿನಿಂದ ಇಳಿಸುವವರು ಆಯಮ್ಮಂದಿರು. ಯಾವ ಮಗು ಯಾವ ಪಕ್ಕಕ್ಕೆ ವಾಲುತ್ತದೆ, ಯಾವುದಕ್ಕೆ ಮೂತ್ರ ಬರುವ ಮುಂಚೆ ಕಿವಿ ಕೆಂಪಾಗುತ್ತದೆ ಎಂಬುದು ನನ್ನ ಕಡತದಲ್ಲಿಲ್ಲ, ಅವರ ತಲೆಯಲ್ಲಿದೆ. ತರಬೇತಿ ಕಾರ್ಯಾಗಾರಗಳಿಗೆ ಮಾತ್ರ ಶಿಕ್ಷಕರನ್ನು ಕರೆಯುತ್ತಾರೆ, ಆಯಮ್ಮಂದಿರು ಹೊರಗೆ ಟೀ ಕಾಯಿಸುತ್ತಿರುತ್ತಾರೆ. ನನ್ನ ಕೈಯಲ್ಲಿದ್ದರೆ ಅದನ್ನು ತಲೆಕೆಳಗು ಮಾಡುತ್ತಿದ್ದೆ. ಆಯಮ್ಮನಿಗೂ ಒಂದು ಕಷ್ಟವಿದೆ. ಊಟದ ಬಿಡುವಿನಲ್ಲಿ ಅಷ್ಟೂ ಮಕ್ಕಳಿಗೆ ಉಣ್ಣಿಸಿ, ಮುಖ ತೊಳೆಸಿ, ತರಗತಿಗೆ ಕಳಿಸಬೇಕು. ಮಗು ತಾನೇ ಉಂಡರೆ ಮುಕ್ಕಾಲು ಗಂಟೆ, ಆಕೆ ಉಣ್ಣಿಸಿದರೆ ಹತ್ತು ನಿಮಿಷ. ಹತ್ತು ನಿಮಿಷವೇ ಗೆಲ್ಲುತ್ತದೆ. ವಿಶೇಷ ಶಾಲೆಯ ವೇಳಾಪಟ್ಟಿಯಲ್ಲಿ ಊಟವನ್ನು ಬಿಡುವು ಎಂದು ಬರೆಯುವುದನ್ನು ನಿಲ್ಲಿಸಿ, ಅದನ್ನು ಒಂದು ಪೀರಿಯಡ್ ಎಂದು ಬರೆಯಿರಿ ಎಂದು ನಾನು ಪ್ರತಿ ಜೂನಿನಲ್ಲೂ ಜಗಳವಾಡುತ್ತೇನೆ. ಗಣಿತದ ಪೀರಿಯಡ್ಡಿನಷ್ಟೇ ಉದ್ದ, ಅಷ್ಟೇ ಗೌರವ. ಕೂಡುವ ಕಳೆಯುವ ಲೆಕ್ಕ ಬೇಕಿದ್ದರೆ ಇಡ್ಲಿಯಲ್ಲೇ ಮಾಡಿಸಬಹುದು.

ಈಗ ಬಚ್ಚಲು. ಕುಕ್ಕರಗಾಲಿನ ಕಕ್ಕಸು ಬಿಗಿ ಕಾಲಿನ ಮಗುವಿಗೆ ಆಗದು. ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಹಿಡಿ, ಚಡ್ಡಿಗೆ ಜಿಪ್ ಬದಲು ಎಲಾಸ್ಟಿಕ್, ಇಷ್ಟಾದರೆ ಎಷ್ಟೋ ಮಕ್ಕಳಿಗೆ ಇನ್ನೊಬ್ಬರು ಬೇಕಾಗುವುದಿಲ್ಲ. ಇನ್ನೊಬ್ಬರು ಬೇಕಾಗದಿರುವುದು ಬರೀ ಅನುಕೂಲದ ಮಾತಲ್ಲ. ಮೈಮೇಲೆ ಯಾರು ಬೇಕಾದರೂ ಕೈಹಾಕಬಹುದು ಎಂದು ಹದಿನೈದು ವರ್ಷ ಅಭ್ಯಾಸವಾದ ಮಗುವಿಗೆ, ಯಾವ ಕೈ ಕೆಟ್ಟದ್ದು ಎಂದು ಹೇಳಿಕೊಡುವುದು ಹೇಗೆ?

ಹೆಣ್ಣುಮಕ್ಕಳ ಮುಟ್ಟಿನ ವಿಷಯ ಈ ಮಾತಿನ ಮುಂದುವರಿಕೆ. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳಲು ಅವರಿಂದಾಗದು ಎಂಬುದು ಕೊಟ್ಟ ಕಾರಣ. ದೇಶದಲ್ಲಿ ದೊಡ್ಡ ಗಲಾಟೆಯೇ ಆಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಅವರ ಮುಕ್ತ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡಕೂಡದು ಎನ್ನುತ್ತದೆ. ಕಾನೂನು ಬಂದಿದೆ, ತಾಯಂದಿರ ಪ್ರಶ್ನೆ ನಿಂತಿಲ್ಲ. ಇವತ್ತಿಗೂ ಮಗಳಿಗೆ ಹನ್ನೊಂದು ತುಂಬಿದಾಗ ಬಾಗಿಲು ಮುಂದೆ ಮಾಡಿ, "ಆಪರೇಷನ್ ಮಾಡಿಸಿಬಿಟ್ರೆ ಹೆಂಗೆ ಮೇಡಂ?" ಎಂದು ಪಿಸುದನಿಯಲ್ಲಿ ಕೇಳುತ್ತಾರೆ. ಆ ತಾಯಿಗೆ ಕಾನೂನು ಓದಿ ಹೇಳಿದರೆ ಸಾಲದು, ಮಗಳಿಗೆ ಕಲಿಸಲು ಬರುತ್ತದೆ ಎಂದು ತೋರಿಸಬೇಕು. ಮೊದಲ ಮುಟ್ಟಿಗೆ ಒಂದು ವರ್ಷ ಮುಂಚೆಯೇ ನಾವು ಶುರುಮಾಡುತ್ತೇವೆ. ಒಳಚಡ್ಡಿಯ ಮೇಲೆ ಪ್ಯಾಡ್ ಅಂಟಿಸುವ ಜಾಗಕ್ಕೆ ಬಣ್ಣದ ದಾರದಲ್ಲಿ ಗೆರೆ ಹೊಲಿಯುತ್ತೇವೆ. ತಿಂಗಳಿಗೆ ಕೆಲವು ದಿನ ಸುಮ್ಮನೆ ಪ್ಯಾಡ್ ಹಾಕಿಸಿ ಅಭ್ಯಾಸ ಮಾಡಿಸುತ್ತೇವೆ. ಕುಂಕುಮದ ನೀರು ಚೆಲ್ಲಿದ ಪ್ಯಾಡ್ ತೋರಿಸಿ, ಕೆಂಪು ಕಂಡರೆ ಬದಲಿಸಬೇಕು, ಸುತ್ತಿ ಈ ಡಬ್ಬಕ್ಕೆ ಹಾಕಬೇಕು ಎಂದು ಚಿತ್ರಗಳ ಸಾಲನ್ನು ಬಚ್ಚಲ ಗೋಡೆಗೆ ಅಂಟಿಸುತ್ತೇವೆ. ಎಲ್ಲ ಹುಡುಗಿಯರೂ ಪೂರ್ತಿ ಕಲಿಯುವುದಿಲ್ಲ. ಬಹಳ ಮಂದಿ, ತಾಯಿ ಅಂದುಕೊಂಡದ್ದಕ್ಕಿಂತ ಹೆಚ್ಚು ಕಲಿಯುತ್ತಾರೆ. ಕತ್ತರಿಯ ಮಾತು ಆ ಮನೆಯಲ್ಲಿ ಅಲ್ಲಿಗೆ ನಿಲ್ಲುತ್ತದೆ.

ಬೆರಳಿನ ಕೆಲಸಕ್ಕೆ ನಮ್ಮಲ್ಲಿ ಸಾಮಗ್ರಿಯ ಬರವಿಲ್ಲ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಗೆ ನೆನೆಸಿದ ಕಾಳನ್ನು ಮಕ್ಕಳ ಮುಂದೆ ಸುರಿಯುತ್ತೇವೆ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಯಾರ ಬೇಳೆ ಯಾರ ತಲೆಗೆ ಬಡಿಯಿತು ಎಂದು ನಗೆ. ರಂಗೋಲಿ ಪುಡಿ ಬಿಡುವುದು, ಹೂ ಕಟ್ಟುವುದು, ಚನ್ನೆಮಣೆಗೆ ಹುಣಸೆಬೀಜ ಹಾಕುವುದು, ಒಣಗಿದ ಬಟ್ಟೆಗೆ ಕ್ಲಿಪ್ ಒತ್ತುವುದು. ಇದನ್ನು ಕೇಳಿ ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಚಪ್ಪಾಳೆ ಹೊಡೆಯುವವರಿದ್ದಾರೆ, ನಾನು ಆ ಗುಂಪಿನವಳಲ್ಲ. ಅವರೆಕಾಳು ತಾನಾಗಿ ಚಿಕಿತ್ಸೆ ಅಲ್ಲ. ಈ ಮಗುವಿಗೆ ದೊಡ್ಡ ಕಾಳೋ ಸಣ್ಣದೋ, ನೆನೆದದ್ದೋ ಅರೆನೆನೆದದ್ದೋ, ನೆಲದ ಮೇಲೆ ಕೂತೋ ನಿಂತೋ, ಪಾತ್ರೆ ಬಲಕ್ಕೋ ಎಡಕ್ಕೋ, ಇವತ್ತಿಗಿಂತ ನಾಳೆ ಯಾವುದು ಒಂದು ಕೂದಲೆಳೆ ಕಷ್ಟವಾಗಬೇಕು ಎಂದು ಕೂತು ಯೋಚಿಸುವುದರಲ್ಲಿ ನನ್ನ ಓದು ಇದೆ. ಆ ಯೋಚನೆ ಇಲ್ಲದಿದ್ದರೆ ಅದು ಪುಕ್ಕಟೆ ಕೂಲಿ.

ಪುಕ್ಕಟೆ ಕೂಲಿ ಎಂದಾಗ ಮೇಣದಬತ್ತಿ ನೆನಪಾಗುತ್ತದೆ. ಯಾವ ಊರಿನ ವಿಶೇಷ ಶಾಲೆಗೆ ಹೋಗಿ, ಹದಿನಾಲ್ಕು ದಾಟಿದ ಮಕ್ಕಳು ಕಾಗದದ ಚೀಲ, ಮೇಣದಬತ್ತಿ, ಬಣ್ಣದ ಹಣತೆ ಮಾಡುತ್ತಿರುತ್ತಾರೆ. ಎಲ್ಲರಿಗೂ ಅದೇ. ದೀಪಾವಳಿಗೆ ದಾನಿಗಳಿಗೆ ಹೋಗುವ ಹಣತೆಯ ಚಂದದ ಬಳ್ಳಿಗಳನ್ನು ಹಿಂದಿನ ರಾತ್ರಿ ಎದ್ದು ಬರೆದವರು ಟೀಚರ್‌ಗಳು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಮೇಣದಬತ್ತಿಯ ಮೇಲೆ ನನಗೆ ಹಗೆತನವಿಲ್ಲ. ಆದರೆ ಕರೆಂಟು ಹೋಗುವುದೂ ಕಡಿಮೆಯಾಗಿರುವ ಈ ಕಾಲದಲ್ಲಿ ಅದನ್ನು ಕೊಳ್ಳುವವರು ನಮ್ಮ ಮೇಲಿನ ಮರುಕಕ್ಕೆ ಕೊಳ್ಳುತ್ತಾರೆ, ಮರುಕದ ಮಾರುಕಟ್ಟೆ ವರ್ಷಕ್ಕೆ ಒಂದೇ ವಾರ. ಅಪ್ಪನಿಗೆ ಹೈನುಗಾರಿಕೆ ಇರುವ ಹುಡುಗ ಮೇಣ ಕಾಯಿಸುವುದೇಕೆ? ಹಸುವಿನ ಮೈ ತಿಕ್ಕಲು, ಹುಲ್ಲು ಹಾಕಲು, ಕ್ಯಾನ್ ಹಿಡಿದು ಡೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಲು ಅವನು ಕಲಿಯಲಿ. ಅದಕ್ಕೆ ನಾನು ಅವನ ಮನೆಯ ಕೊಟ್ಟಿಗೆಗೆ ಹೋಗಬೇಕು, ಸಗಣಿ ತುಳಿಯಬೇಕು, ಕ್ಯಾನಿನ ಹಿಡಿ ಅವನ ಕೈಗೆ ಕೂರುತ್ತದೆಯೇ ನೋಡಬೇಕು.

ಆಟಿಸಂ ಮಕ್ಕಳ ಬಗ್ಗೆ ಈಚೆಗೆ ಬಹಳ ಪ್ರಶ್ನೆ ಬರುತ್ತವೆ. ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಿದ್ಧಾಂತವನ್ನು ವಿವರಿಸಿದರು. ಮುಟ್ಟುವಿಕೆ, ಒಳಕಿವಿಯ ಸಮತೋಲ, ಕೀಲು ಸ್ನಾಯುಗಳಿಂದ ಬರುವ ಅರಿವು ಇವನ್ನೆಲ್ಲ ಮೆದುಳು ಒಟ್ಟುಗೂಡಿಸಿಕೊಳ್ಳುವುದರಲ್ಲಿ ತೊಡಕಾದರೆ ಕಲಿಕೆಯೂ ನಡತೆಯೂ ತೊಡಕಾಗುತ್ತದೆ ಎಂಬುದು ಅದರ ತಿರುಳು. ನನಗೆ ಆ ಸಿದ್ಧಾಂತದಿಂದ ಆದ ಉಪಕಾರ ದೊಡ್ಡದು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಚೀರುವ ಮಗು, ಹೊಸ ಸಮವಸ್ತ್ರದ ಗಂಜಿಗೆ ಮೈ ಪರಚಿಕೊಳ್ಳುವ ಮಗು, ಬಿಳಿ ಅನ್ನ ಬಿಟ್ಟು ಬೇರೇನೂ ಮುಟ್ಟದ ಮಗು ಅವರಿಂದಾಗಿ ನನಗೆ ಅರ್ಥವಾಗುತ್ತಾರೆ. ಆದರೆ ಆ ಹೆಸರಿನಲ್ಲಿ ನಗರಗಳಲ್ಲಿ ನಡೆಯುತ್ತಿರುವ ವ್ಯಾಪಾರ ನನಗೆ ಹಿಡಿಸುವುದಿಲ್ಲ. ಬಣ್ಣದ ದೀಪ, ತೂಗುಯ್ಯಾಲೆ, ಚೆಂಡಿನ ಕೊಳ ಇರುವ ಕೋಣೆಯಲ್ಲಿ ಮುಕ್ಕಾಲು ಗಂಟೆಗೆ ಇಷ್ಟು ಎಂದು ಶುಲ್ಕ. ಇದರ ಫಲದ ಬಗ್ಗೆ ಇರುವ ಆಧಾರ ಸೀಮಿತ, ಪೋಷಕರಿಗೆ ಅದನ್ನು ತಿಳಿಸಿ ಎಂದು 2012ರಲ್ಲೇ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಎಚ್ಚರಿಸಿದೆ. ನಿಮ್ಮ ಮಗುವನ್ನು ಅಂಥ ಕಡೆಗೆ ಕರೆದೊಯ್ಯುತ್ತಿದ್ದರೆ ಒಂದೇ ಪ್ರಶ್ನೆ ಕೇಳಿ: ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಏನು ಬದಲಾಗುತ್ತದೆ? ಹೇರ್‌ಕಟ್ ಮಾಡಿಸಿಕೊಳ್ಳುತ್ತಾನೆಯೇ, ಬಸ್ಸಿನಲ್ಲಿ ಕೂರುತ್ತಾನೆಯೇ? ಉತ್ತರ ಬರಿಯ ಉಯ್ಯಾಲೆಯಾಗಿದ್ದರೆ ಹಣ ಉಳಿಸಿಕೊಂಡು ಮನೆಯ ಮುಂದಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ದಿನವೂ ಓಡಿಹೋಗುತ್ತಿದ್ದ ಹುಡುಗನೊಬ್ಬನ ಚಿಕಿತ್ಸೆ ಎರಡು ದಿನದಲ್ಲಿ ಮುಗಿಯಿತು. ಅವನ ಜಾಗ ಮೈಕಿನ ಪೆಟ್ಟಿಗೆಯ ಪಕ್ಕದಲ್ಲಿತ್ತು. ಹಿಂದಿನ ಸಾಲಿಗೆ ತಂದೆವು, ಅವನ ಕೈಗೆ ಹಾಜರಿ ಪುಸ್ತಕಗಳ ಭಾರದ ಚೀಲ ಹೊರಲು ಕೊಟ್ಟೆವು.

ಗುರಿಗಳನ್ನು ಬರೆಯುವ ಬಗೆಯೂ ಇಲ್ಲಿಂದಲೇ ಬರುತ್ತದೆ. ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುತ್ತೇವೆ. 'ಸೂಕ್ಷ್ಮ ಚಲನಾ ಕೌಶಲ ಉತ್ತಮ ಪಡಿಸುವುದು' ಎಂದು ಬರೆದರೆ ಇನ್ಸ್‌ಪೆಕ್ಟರಿಗೆ ಖುಷಿ, ಮಗುವಿಗೆ ಏನೂ ಇಲ್ಲ. 'ದಸರೆಯ ಹೊತ್ತಿಗೆ, ಗೋಡೆಗೆ ಒರಗಿ ನಿಂತು ತಾನೇ ಚಡ್ಡಿ ಇಳಿಸುತ್ತಾನೆ' ಎಂದು ಬರೆದರೆ ಆಯಮ್ಮನೂ ಓದಿ ಸರಿ ತಪ್ಪು ಹೇಳಬಹುದು. 2006ರಲ್ಲಿ ಸ್ವೀಡನ್ನಿನ ತಂಡವೊಂದು ಪ್ರಕಟಿಸಿದ ಐದು ಹಂತಗಳ ಕೈಬಳಕೆಯ ಅಳತೆಯೊಂದಿದೆ. ಅದರಲ್ಲಿ ನನಗೆ ಹಿಡಿಸಿದ್ದು, ತಪಾಸಣೆಯ ದಿನ ಮಗು ಮಾಡಿ ತೋರಿಸಿದ ಅತ್ಯುತ್ತಮವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಯಲ್ಲಿ ಶಾಲೆಯಲ್ಲಿ ದಿನವೂ ಏನು ಮಾಡುತ್ತದೆ ಎಂದು ಕೇಳುತ್ತದೆ.

ಇವರೆಲ್ಲ ಸಾಮಾನ್ಯ ಶಾಲೆಯಲ್ಲೇ ಇರಬೇಕಲ್ಲವೇ ಎಂದು ಕೇಳುವಿರಿ. ಕಾನೂನಿನಲ್ಲಿ ಅದಕ್ಕೆ ಎಡೆಯಿದೆ. ಅಂಗವಿಕಲರ 1995ರ ಕಾಯ್ದೆಯಲ್ಲಿ ಏಳಿದ್ದ ಅಂಗವೈಕಲ್ಯಗಳ ಪಟ್ಟಿ 2016ರಲ್ಲಿ ಇಪ್ಪತ್ತೊಂದಾಯಿತು. ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ತಾವು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕೂ ಇದೆ. ಆರಿಸುವ ಮಾತು ಕಾಗದದ್ದು. ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ಮಕ್ಕಳು ನೆರೆಯ ಶಾಲೆಯಿಂದ ವಾಪಸ್ಸಾದವರು, ಕಾರಣ ಕೇಳಿದರೆ ಹತ್ತರಲ್ಲಿ ಎಂಟು ಸಲ ಕಕ್ಕಸು ಅಥವಾ ಊಟ. ಪಾಠ ಅರ್ಥವಾಗದ್ದಕ್ಕೆ ಕಳಿಸಿದವರು ಕಡಿಮೆ. ಚಡ್ಡಿ ಒದ್ದೆಯಾದದ್ದಕ್ಕೆ ಕಳಿಸಿದ್ದಾರೆ.

ಕಕ್ಕಸು ಸರಿಮಾಡಲು ಹಣ ಬೇಕು, ಹಾಗಾಗಿ ಆ ಹಣದ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಗ್ರಾಮ ಪಂಚಾಯ್ತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಅದನ್ನು ನೋಡಿಕೊಳ್ಳಲು ವಿಆರ್‌ಡಬ್ಲ್ಯು ಎಂದು ನೀವೆಲ್ಲ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಅವರಲ್ಲಿ ಬಹಳ ಮಂದಿ ಸ್ವತಃ ಅಂಗವಿಕಲರು, ಗೌರವಧನ ಅಲ್ಪ, ಓಡಾಟ ವಿಪರೀತ. ಸಾಮಾನ್ಯವಾಗಿ ಈ ಹಣ ತಟ್ಟೆ ಲೋಟ ಹಂಚುವುದರಲ್ಲೋ, ಅಳತೆ ನೋಡದ ಟ್ರೈಸಿಕಲ್ಲಿನಲ್ಲೋ, ಒಂದಿಷ್ಟು ನಗದಿನಲ್ಲೋ ಮುಗಿದುಹೋಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ವಸ್ತು ಕೇಳಿ: ಕಕ್ಕಸಿನ ಗೋಡೆಗೆ ಕಬ್ಬಿಣದ ಹಿಡಿ, ತೂತಿನ ಕುರ್ಚಿ, ಹೊಸ್ತಿಲು ತೆಗೆದ ಬಚ್ಚಲ ಬಾಗಿಲು. ಅಂಗನವಾಡಿಯಲ್ಲಿ, ಶಾಲೆಯಲ್ಲಿ, ಆ ಮಗುವಿನ ಮನೆಯಲ್ಲಿ. ಹಿಡಿಯನ್ನು ಎಷ್ಟು ಎತ್ತರಕ್ಕೆ ಹಾಕಬೇಕು ಎಂದು ಗುತ್ತಿಗೆದಾರನನ್ನು ಕೇಳಬೇಡಿ, ಮಗುವನ್ನು ಅಲ್ಲಿ ಕೂರಿಸಿ ಕೈ ಎಲ್ಲಿಗೆ ಬರುತ್ತದೆ ನೋಡಿ ಗುರುತು ಹಾಕಿ. ಗೊತ್ತಾಗದಿದ್ದರೆ ಶನಿವಾರ ಮಧ್ಯಾಹ್ನ ನಾನು ಶಾಲೆಯಲ್ಲೇ ಇರುತ್ತೇನೆ. ಬರುವಾಗ ಮಗುವನ್ನೂ ಕರೆತನ್ನಿ, ಕುರ್ಚಿಯ ಅಳತೆಯನ್ನು ಫೋನಿನಲ್ಲಿ ತೆಗೆಯಲಾಗುವುದಿಲ್ಲ. ಊಟದ ಡಬ್ಬಿಯೂ ಇರಲಿ, ಕೂತು ಉಣ್ಣುವುದನ್ನು ಒಮ್ಮೆ ನೋಡುತ್ತೇನೆ.